ಕುಸುಬಿ ಎಣ್ಣೆ ಕುಡಿದ ತೊಗಲು

ಮಸ್ಕಿ
ಮಾರ್ಚಿ, ೧೯೯೫

ಹಠ ಬಿಡದೆಯೂ ಬದುಕಿ ಬಂದ ಅಂಬಪ್ಪನಿಗೆ, ಜೈ ಭೀಮ್.

ನಿನ್ನ ಹೆಂಡತಿ ಬಸ್ಸಮ್ಮ ಮಸ್ಕಿ ಸಂತೆ ಮುಗಿಸಿಕೊಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಾಳೆ. ಚಹಾ ಕುಡಿಯುತ್ತಿದ್ದಾಳೆ. ಸಿಂಧನೂರಿನ ಬಸ್ಸು ಬರುವುದರೊಳಗೆ ಈ ಪತ್ರ ಬರೆದು ಅವಳ ಕೈಚೀಲದಲ್ಲಿ ಹಾಕಬೇಕು. ಬಂದವಳು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಕೇಳಿದಳು: “ಅಣ್ಣಾ, ನೀವು ಹಿಮದ ಗುಡ್ಡಕ್ಕ ಹೋಗಾಗ ಒಂದ್ ಬಾಟ್ಲಿ ಕುಸುಬಿ ಎಣ್ಣಿ, ಒಂದ್ ಡಬ್ಬಿ ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದೆ. ಹಿಂಡಿ ಅರ್ಧ ಹಂಗ ಉಳದು ಬಂದೈತಿ, ಎಣ್ಣಿ ಬಾಟ್ಲಿ ಮಾತ್ರ ಒಣಗಿ ಬಂದೈತಿ. ಎಣ್ಣಿ ಏನ್ ಬಾಯಿಗೆ ಹಾಕ್ಕೊಂಡು ಕುಡದ್ರೇನು?”

ಅವಳ ಕೈಗೆ ಚಹಾ ಕೊಟ್ಟು ಒಳಗೆ ಬಂದೆ. ಅಂದರೆ ನೀನು ಅವಳಿಗೆ ಏನೂ ಹೇಳಿಲ್ಲ. ಹೋದೆ, ನೋಡಿದೆ, ಬಂದೆ ಎಂದು ಮುಗಿಸಿದ್ದೀಯ. ಗಂಡ ದಿನಾ ಕರೆಂಟಿನ ಕಂಬ ಹತ್ತಿ ಇಳಿದು ಸಂಜೆ ಜೀವಂತ ಮನೆಗೆ ಬಂದರೆ ಸಾಕು ಅನ್ನುವ ಹೆಂಗಸಿಗೆ ಮತ್ತೊಂದು ಭಯ ಯಾಕೆ ಅಂದುಕೊಂಡಿರಬೇಕು. ಒಳ್ಳೆಯದು. ಆದರೆ ನನಗೆ ಯಾರಿಗಾದರೂ ಹೇಳದಿದ್ದರೆ ಎದೆ ಹಗುರಾಗುವುದಿಲ್ಲ. ಹೇಳಬೇಕಾದ ಒಬ್ಬ ಮನುಷ್ಯ ನೀನೇ. ಎದುರಿಗೆ ಕೂತರೆ ನಾವಿಬ್ಬರೂ ಜಗಳ ಬಿಟ್ಟು ಬೇರೆ ಏನೂ ಮಾತಾಡಿದವರಲ್ಲ. ಅದಕ್ಕೇ ಕಾಗದ ಹಿಡಿದೆ.

ಇನ್ನೊಂದು ಕಾರಣವೂ ಇದೆ. ನಾಡಿದ್ದು ಲಿಂಗಸುಗೂರಿನಲ್ಲಿ ಮೆರವಣಿಗೆ. ನಮ್ಮೂರಿನ ಕೇರಿಯ ಸುಡುಗಾಡು ಕೇರಿಗೆ ವಾಪಸು ಕೊಡಿ ಎಂದು ಕೇಳಲು ಹೋಗುತ್ತಿದ್ದೇವೆ. ಆರು ವರ್ಷದ ಮೇಲೆ ನಮ್ಮ ಸಂಘಟನೆಯ ಎರಡೂ ಬಣದ ಜನ ಒಂದೇ ಬ್ಯಾನರಿನ ಹಿಂದೆ ನಡೆಯುತ್ತಾರೆ. ನಿನ್ನ ಬಣದವರು ಬರುತ್ತಾರೆಂದು ಗೊತ್ತು. ನೀನು ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಗುಡ್ಡದಿಂದ ಬಂದು ರಾಯಚೂರಿನಲ್ಲಿ ಬೇರೆಯಾಗುವಾಗ ನೀನು ಚೀಲ ಹೆಗಲಿಗೇರಿಸಿ “ಬರ್ತೀನಿ” ಅಂದೆ. ಎಲ್ಲಿಗೆ ಬರುತ್ತಿ? ಮನೆಗೆ ಹೋಗಿ ಬರ್ತೀನಿ ಅನ್ನುವ ರೂಢಿಯ ಮಾತೋ, ನಿಜವಾಗಿ ಬರುವ ಮಾತೋ? ಅಂದಿನಿಂದ ಅದೇ ಒಂದು ಪದವನ್ನು ಅಗಿಯುತ್ತಾ ಕೂತಿದ್ದೇನೆ. ಬಸ್ಸಮ್ಮನನ್ನು ಕೇಳಿದರೆ ಒಂದೇ ಮಾತಿನಲ್ಲಿ ತೀರಿಹೋಗುತ್ತದೆ. ಪೊಲೀಸರ ಲಾಠಿಗೆ ಎದೆ ಕೊಟ್ಟವನಿಗೆ ಈ ಹೆಣ್ಣುಮಗಳನ್ನು ಕೇಳುವ ಧೈರ್ಯ ಬರುತ್ತಿಲ್ಲ.

ಅಂಬಪ್ಪ, ಆ ಹಲಗೆ ನಿನಗೆ ನೆನಪಿದೆ. ನೆನಪಿಲ್ಲದೆ ಹೇಗೆ. ಕಾಲುವೆ ನೀರು ಬರುವ ತನಕ ನಮ್ಮೂರಿನ ಎರೆ ಹೊಲ ಬೆಂಕಿಯ ಹಾಗೆ ಬಿರಿಯುತ್ತಿತ್ತು. ಊರಾಚೆಯ ಆ ತುಂಡು ನೆಲ ಯಾರಿಗೂ ಬೇಡವಾಗಿತ್ತು. ಬೇಡವಾದದ್ದಕ್ಕೇ ನಮ್ಮವರನ್ನು ಹೂಳಲು ಬಿಟ್ಟಿದ್ದರು. ನೀರು ಬಂತು. ಬೇಡವಾದ ನೆಲಕ್ಕೆ ಒಂದೇ ದಿನದಲ್ಲಿ ಜಾತಿ ಬಂತು, ಒಡೆಯ ಬಂದ. ಬಸವಂತರಾಯ ಗೋರಿಗಳ ಮೇಲೆ ನೇಗಿಲು ಹೊಡೆಸಿದ, ನೀರು ಕಟ್ಟಿಸಿದ, ಭತ್ತದ ಮಡಿ ಮಾಡಿಸಿದ. ಕೆಸರು ಸಮ ಮಾಡುವ ಹಲಗೆಯನ್ನು ಎತ್ತು ಎಳೆಯಬೇಕಾದರೆ ಮೇಲೆ ಭಾರಕ್ಕೆ ಯಾರಾದರೂ ನಿಲ್ಲಬೇಕು. ನಿಲ್ಲಿಸಿದ್ದು ನಮ್ಮಿಬ್ಬರನ್ನು. ನಾವು ಹುಡುಗರು. ಕೆಸರಿನ ಮೇಲೆ ಜಾರುವುದು ಮಜಾ ಅಂದುಕೊಂಡು ಕೇಕೆ ಹಾಕುತ್ತಾ ನಿಂತೆವು. ನಿನ್ನ ಅಜ್ಜಿ ಗಾಳೆಮ್ಮನನ್ನು ಹೂತು ಎರಡು ವರ್ಷವೂ ಆಗಿರಲಿಲ್ಲ. ಬದುವಿನ ಮೇಲೆ ನಿಂತು ನಿನ್ನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಾಗಲೇ ನಮಗೆ ಕಾಲ ಕೆಳಗೆ ಯಾರಿದ್ದಾರೆಂದು ಗೊತ್ತಾದದ್ದು. ನೀನು ಹಲಗೆಯಿಂದ ಜಿಗಿದವನು ಮತ್ತೆ ಹತ್ತಲಿಲ್ಲ. ಬೆನ್ನಿಗೆ ಬಾರುಕೋಲು ಬಿತ್ತು, ಆದರೂ ಹತ್ತಲಿಲ್ಲ.

ನಮ್ಮ ಹೋರಾಟ ಹುಟ್ಟಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಕೆಸರಿನಿಂದ. ದೊಡ್ಡವರಾಗಿ ಸಂಘಟನೆ ಸೇರಿ ಮೊದಲ ಮೆರವಣಿಗೆ ತೆಗೆದಾಗ ಘೋಷಣೆ ಕಟ್ಟಿದವನೂ ನೀನೇ. ನಾನು “ಈ ನೆಲ ಯಾರಪ್ಪಂದು?” ಎಂದು ಕೂಗಬೇಕು. ನೀನು ಎಲ್ಲರಿಗಿಂತ ಮೊದಲು “ನಮ್ಮಪ್ಪಂದು!” ಅನ್ನಬೇಕು. ನಿಮ್ಮಪ್ಪ, ನಮ್ಮಪ್ಪ ಎಂದು ಬೈಗುಳದ ಮಾತಾಯಿತು ಎಂದು ಕೆಲವರು ಮೂಗು ಮುರಿದರು. ನೀನು ಹೇಳಿದೆ: “ಬೈಗುಳ ಅಲ್ಲಲೇ, ವಿಳಾಸ. ನಮ್ಮಪ್ಪಗೋಳು ಅಲ್ಲೇ ಮಲಗ್ಯಾರ.”

ಆಮೇಲೆ ಎಂಬತ್ತೊಂಬತ್ತು ಬಂತು. ಚುನಾವಣೆಯಲ್ಲಿ ಒಂದು ಪಕ್ಷದ ಜೊತೆ ಹೋಗೋಣ ಎಂದು ನೀನು, ಹೋಗುವುದು ಬೇಡ ಎಂದು ನಾನು. ತಪ್ಪು ಯಾರದೆಂದು ಅಳೆಯಲು ಇವತ್ತು ಕೂತಿಲ್ಲ; ನಾನು ಹೇಳಿದ್ದು ಈಗಲೂ ಸರಿಯೆಂದೇ ನನ್ನ ಎಣಿಕೆ, ನಿನ್ನದೂ ಹಾಗೇ ಇರುತ್ತದೆ. ಸಿಂಧನೂರಿನ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆ ನೀನು ಹೇಳಿದ ಮಾತು ಮಾತ್ರ ನನ್ನೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು: “ಪಕೀರ್ಯಾ, ಇನ್ನ ನಿನ್ನ ಕೂಗಿಗೆ ನನ್ನ ಬಾಯಿ ಏಳಂಗಿಲ್ಲ.” ಎರಡು ಬಣವಾದವು. ಎರಡು ಬ್ಯಾನರಾದವು. ಎರಡನ್ನೂ ಹೊಲಿದವನು ನಮ್ಮ ಮಸ್ಕಿಯ ಟೇಲರ್ ಬುಡ್ಡೇಸಾಬ್ ಒಬ್ಬನೇ. ಬಸವಂತರಾಯ ಮಾತ್ರ ಆರು ವರ್ಷ ನೆಮ್ಮದಿಯಿಂದ ಎರಡೆರಡು ಬೆಳೆ ತೆಗೆದ.

ನಮ್ಮಿಬ್ಬರನ್ನು ಗುಡ್ಡಕ್ಕೆ ಎಳೆದ ಮೋಸ ಬುಡ್ಡೇಸಾಬನದು, ಯೋಜನೆ ದುರುಗಪ್ಪನದು. ಗೊರೇಬಾಳದ ಹುಡುಗ ಅವನು; ಮಿಲಿಟರಿ ಸೇರಿ, ಅಲ್ಲೇ ಹಿಮದ ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ನಡೆಯುವುದನ್ನು ಕಲಿತು, ನೌಕರಿ ಬಿಟ್ಟ ಮೇಲೂ ಮನಾಲಿಯ ಮೇಲಿನ ಒಂದು ಹಳ್ಳಿಯಲ್ಲಿ ಉಳಿದುಬಿಟ್ಟ. ನಿನಗೊಂದು ಕಾಗದ, ನನಗೊಂದು ಕಾಗದ: ‘ಚಳಿಗಾಲಕ್ಕ ಬಾ, ಹಿಮದಾಗ ಗುಡ್ಡ ಹತ್ತೂಣು.’ ರಾಯಚೂರಿನ ಪ್ಲಾಟ್‌ಫಾರ್ಮಿನಲ್ಲಿ ನನ್ನ ಮುಖ ಕಂಡಾಗ ನೀನು ಚೀಲ ತಿರುಗಿಸಿದೆ. “ಇಂವಾ ಬರ್ತಾನಂದ್ರ ನಾ ಒಲ್ಲೆ.” ಬುಡ್ಡೇಸಾಬ್ ನಿನ್ನ ತೋಳು ಹಿಡಿದು ಎಳೆದ. “ಟಿಕೀಟ್ ತಗದೀನಿ ಮಾರಾಯಾ. ಜಗಳಾ ರೈಲಿನ್ಯಾಗ ಮಾಡ್ರಿ, ದಿಲ್ಲೀತನಾ ನಂಗೂ ಹೊತ್ತು ಹೋಕ್ಕತಿ.” ನಾವು ಜಗಳವನ್ನೂ ಆಡಲಿಲ್ಲ. ಅವನು ನಡುವೆ ಕೂತು ನಿನ್ನ ರೊಟ್ಟಿ ನನಗೆ, ನನ್ನ ಬುತ್ತಿ ನಿನಗೆ ದಾಟಿಸುತ್ತಾ ಹೋದ.

ಹೊರಡುವಾಗ ಇಲ್ಲಿ ನಕ್ಕವರು ಕಡಿಮೆಯೇ? “ಕೇರಿಯವ್ರು ಹಿಮದ ಮ್ಯಾಲ ಜಾರಾಕ ಹೊಂಟಾರಂತ” ಎಂದು ಚಹಾದಂಗಡಿಯಲ್ಲಿ ಕೂತವರು ನಕ್ಕರು. ನಗಲಿ. ಗುಡ್ಡ, ಹಿಮ, ಆಟ ಇವೆಲ್ಲ ಹೊಟ್ಟೆ ತುಂಬಿದವರಿಗೆ ಬರೆದುಕೊಟ್ಟ ಆಸ್ತಿಯೇನು? ನಮಗೆ ಬರೀ ಸಂಕಟವೇ ಪಾಲಿಗೆ ಬರಬೇಕೆಂದು ಯಾವ ಕಾಯ್ದೆ? ಮೊದಲ ದಿನ ಆ ಬಿಳಿಯ ಬಯಲಿನಲ್ಲಿ ನಿಂತಾಗ ನನಗೆ ಬಂದ ಮೊದಲ ಯೋಚನೆ ಇದು: ಇಲ್ಲಿ ಊರೂ ಇಲ್ಲ, ಕೇರಿಯೂ ಇಲ್ಲ, ಎತ್ತ ಬೇಕಾದರೂ ಕಾಲಿಡಬಹುದು.

ಇಟ್ಟೆವು, ಬಿದ್ದೆವು. ದುರುಗಪ್ಪ ತಲೆ ತಲೆ ಚಚ್ಚಿಕೊಂಡ. “ಹಿಂದಕ್ಕ ಜೋಲಬ್ಯಾಡ್ರಲೇ! ಮುಂದಕ್ಕ ಬಾಗ್ರಿ! ಇದೇನ್ ಭತ್ತದ ಮಡೀನಾ? ಎತ್ತಿನ ಬಾಲ ಎಲ್ಲೈತಿ ಹಿಡಕೊಳ್ಳಾಕ?” ಹೌದು, ನಮಗೆ ಜಾರುವುದೆಂದರೆ ಅದೊಂದೇ ಗೊತ್ತು: ಹಗ್ಗ ಹಿಡಿದು ಹಿಂದಕ್ಕೆ ವಾಲಿ ಹಲಗೆಯ ಮೇಲೆ ನಿಲ್ಲುವುದು. ನಿನಗೂ ಅದೇ ವಾಲು, ನನಗೂ ಅದೇ ವಾಲು. ಇಬ್ಬರೂ ಒಂದೇ ನಮೂನೆ ಅಂಗಾತ ಬಿದ್ದಾಗ ನೀನು ನಗು ತಡೆಯಲು ಮುಖ ಆಚೆ ತಿರುಗಿಸಿದ್ದನ್ನು ನಾನು ನೋಡಿದೆ. ಒಂದು ವಾರದಲ್ಲಿ ಬೀಳುವುದು ಕಡಿಮೆಯಾಯಿತು. ಮಾತು ಮಾತ್ರ ಶುರುವಾಗಲಿಲ್ಲ.

ಆಮೇಲೆ ಗುಡ್ಡ ಹತ್ತುವ ದಿನ ಗೊತ್ತಾಯಿತು. ಹಿಂದಿನ ಸಂಜೆ ದುರುಗಪ್ಪ ಸ್ಕೀ ಹಲಗೆಯ ತಳಕ್ಕೆ ಅಂಟಿಸುವ ಉದ್ದನೆಯ ಪಟ್ಟಿಗಳನ್ನು ತಂದು ಹಾಕಿದ. ಒಂದು ಬದಿಗೆ ಕೂದಲು, ಇನ್ನೊಂದು ಬದಿಗೆ ಅಂಟು. ಕೂದಲು ಹಿಂದಕ್ಕೆ ಮಲಗಿರುವುದರಿಂದ ಏರು ಹತ್ತುವಾಗ ಹಲಗೆ ಮುಂದೆ ಸರಿಯುತ್ತದೆ, ಹಿಂದೆ ಜಾರುವುದಿಲ್ಲ. “ಇದಕ್ಕ ಇಲ್ಲಿ ಎಲ್ಲಾರೂ ತೊಗಲು ಅಂತಾರ” ಅಂದ ದುರುಗಪ್ಪ. ಬುಡ್ಡೇಸಾಬ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಇಷ್ಟು ದೂರ ಬಂದ್ರೂ ನಿಮ್ಮನ್ನ ತೊಗಲು ಬಿಡಲಿಲ್ಲಲ್ರಪಾ!” ನಾವೂ ನಕ್ಕೆವು. ನಾನು ಅದನ್ನು ಅಲ್ಲೇ ಮರೆತು ಮಲಗಿದೆ. ನೀನು ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ಹೊರಟಾಗ ಆಕಾಶ ತೊಳೆದಿಟ್ಟಂತಿತ್ತು. ಮುಂದೆ ದುರುಗಪ್ಪ, ಅವನ ಹಿಂದೆ ಚಳಿಯನ್ನು ಬೈಯುತ್ತಾ ಬುಡ್ಡೇಸಾಬ್, ಆಮೇಲೆ ನಾನು, ಕೊನೆಗೆ ನೀನು. ಗುಡ್ಡದ ಹೆಗಲು ಮುಟ್ಟಿ ಆಚೆ ಇಳಿದರೆ ಕುರಿಗಾಹಿಗಳ ಬೇಸಿಗೆಯ ಗುಡಿಸಲು, ಅಲ್ಲಿ ಉಳಿಯುವುದು. ಏರು ಅರ್ಧವಾಗಿರಬೇಕು, ಮಂಜು ಬಂತು. ನೋಡನೋಡುತ್ತ ಬುಡ್ಡೇಸಾಬನ ಬೆನ್ನೇ ಕಾಣದಾಯಿತು. ಅದೇ ಹೊತ್ತಿಗೆ ನನ್ನ ಎಡಗಾಲು ಹಿಂದಕ್ಕೆ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಬಗ್ಗಿ ನೋಡಿದರೆ ತೊಗಲು ಹಲಗೆಯಿಂದ ಕಿತ್ತು ಮುಂದಿನ ಕೊಕ್ಕೆಯಲ್ಲಿ ಜೋತಾಡುತ್ತಿದೆ. ಕೈಗವಸು ತೆಗೆದು ಅಂಟಿನ ಬದಿ ಮುಟ್ಟಿದೆ. ಜಿಡ್ಡು. ಮೂಗಿಗೆ ಹಿಡಿದೆ. ಕುಸುಬಿ ಎಣ್ಣೆ!

ಅಂಬಪ್ಪ, ಆ ಮಂಜಿನಲ್ಲಿ, ಆ ವಾಸನೆಯಲ್ಲಿ ನನಗೆ ನಿಮ್ಮಪ್ಪ ಕಂಡ. ನೀರೆತ್ತುವ ತೊಗಲ ಚೀಲ ಬಿರಿಯಬಾರದೆಂದು ಮಡಿಲಲ್ಲಿ ಹರಡಿಕೊಂಡು, ಒಳಮೈಗೆ ಕುಸುಬಿ ಎಣ್ಣೆ ತಿಕ್ಕಿ ತಿಕ್ಕಿ ಕುಡಿಸುತ್ತಿದ್ದ ಆ ಮುದುಕ. ನೀನು ಅವನ ಮಗ. ತೊಗಲು ಅಂದ ಮೇಲೆ ಬಿಡುವುದು ಹೇಗೆ? ಅಂಟನ್ನು ನೀನು ಹದಗೆಟ್ಟ ತೊಗಲಿನ ಜಿಗುಟು ಅಂದುಕೊಂಡಿರಬೇಕು. ನಾಳೆ ಹಿಮದಲ್ಲಿ ನೆನೆದು ಒಣಗಿದರೆ ಬಿರಿಯುತ್ತದೆ ಎಂದು, ಯಾರಿಗೂ ಹೇಳದೆ, ಬಸ್ಸಮ್ಮ ಕಟ್ಟಿದ ಬಾಟಲಿಯನ್ನು ನೀನು ಪೂರಾ ಬರಿದು ಮಾಡಿದ್ದೆ. ಈ ಭೂಮಿಯ ಮೇಲೆ ಇಂಥ ತಪ್ಪು ಮಾಡಲು ನಮ್ಮ ಕೇರಿಯಲ್ಲೇ ಹುಟ್ಟಬೇಕು. ಆಮೇಲೆ ನೋಡಿದರೆ ಬುಡ್ಡೇಸಾಬನ ಜೋಡಿ ಒಣಗಿತ್ತು. ದುರುಗಪ್ಪನದೂ ಒಣಗಿತ್ತು. ಎಣ್ಣೆ ಬಿದ್ದದ್ದು ಎರಡೇ ಜೋಡಿಗೆ: ನಿನ್ನದಕ್ಕೆ, ನನ್ನದಕ್ಕೆ.

ಆರು ವರ್ಷ ನನ್ನ ಮುಖ ನೋಡದವನು ಒಲೆಯ ಮುಂದೆ ಕೂತು ನನ್ನ ತೊಗಲಿಗೆ ಎಣ್ಣೆ ತಿಕ್ಕಿದ್ದೀಯ. ಕಣ್ಣು ಉರಿಯಿತು. ಅದರ ಹಿಂದೆಯೇ ಹೊಳೆಯಿತು: ನನ್ನದು ಕಿತ್ತಿದೆ ಅಂದರೆ ನಿನ್ನದೂ ಕಿತ್ತಿರಬೇಕು. ತಿರುಗಿ ನೋಡಿದೆ. ನೀನಿರಲಿಲ್ಲ.

ಕೂಗಿ ದುರುಗಪ್ಪನನ್ನು ನಿಲ್ಲಿಸಿದೆ. ಬಂದು ನೋಡಿ ಅವನ ಮುಖ ಬಣ್ಣಗೆಟ್ಟಿತು. ಗಾಳಿ ನಮ್ಮ ಹೆಜ್ಜೆಯ ಗೆರೆಗಳನ್ನು ಮುಚ್ಚಿ ಹಾಕಿತ್ತು. ಒಂದು ಬದಿಗೆ ಕಣಿವೆ, ಅದರ ಬುಡದಲ್ಲಿ ಹಳ್ಳ. “ಒಬ್ಬೊಬ್ರ ಹುಡುಕಾಕ ಹೋಗೂದು ಬ್ಯಾಡ. ಅಂವಾ ಜಾರಿದ್ರ ಕಣಿವಿ ಕಡೀಗೆ ಜಾರ್ಯಾನ. ದನಿ ಕೊಟ್ರ ಎಲ್ಲ್ಯದಾನ ಗೊತ್ತಾಕ್ಕತಿ” ಅಂದ. ಸೀಟಿ ಊದಿದ. ಉತ್ತರವಿಲ್ಲ. ಬುಡ್ಡೇಸಾಬ್ ಗಂಟಲು ಹರಿಯುವ ಹಾಗೆ ನಿನ್ನ ಹೆಸರು ಕೂಗಿದ. ಉತ್ತರವಿಲ್ಲ. ಆ ಬಿಳಿಯ ಮಂಜು ಎಲ್ಲವನ್ನೂ ಹತ್ತಿಯ ಹಾಗೆ ನುಂಗುತ್ತಿತ್ತು. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಸತ್ತವರಿಗೆ ಮೂರು ಮೊಳ ನೆಲಕ್ಕಾಗಿ ಊರಿನಲ್ಲಿ ಹನ್ನೆರಡು ವರ್ಷ ಗಂಟಲು ಹರಿದುಕೊಂಡಿದ್ದೇವೆ, ಇಲ್ಲಿ ಈ ಗುಡ್ಡ ಕೇಳದೇ ಕೊಡಲು ನಿಂತಿದೆ. ಬೇಡ. ಇಲ್ಲಿ ಬೇಡ. ಇವನು ಅಜ್ಜಿಯ ಪಕ್ಕದಲ್ಲಿ ಮಲಗಬೇಕಾದವನು, ಅದೂ ಮುದುಕನಾದ ಮೇಲೆ.

ಆಗ ನಾನು ಕೂಗಿದೆ. ಯೋಚಿಸಿ ಕೂಗಿದ್ದಲ್ಲ, ಹೊಟ್ಟೆಯಿಂದ ಬಂತು. “ಈ ನೆಲ ಯಾರಪ್ಪಂದು?”

ಗಾಳಿ ಮಾತ್ರ. ಬುಡ್ಡೇಸಾಬ್ ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದ.

“ಈ ನೆಲ ಯಾರಪ್ಪಂದು?” ಎರಡನೆಯ ಸಲ ನನ್ನ ದನಿ ನಡುವೆಯೇ ಒಡೆಯಿತು. ಉತ್ತರವಿಲ್ಲ. ಸಿಂಧನೂರಿನ ಸಭೆಯ ನಿನ್ನ ಮಾತು ನೆನಪಾಯಿತು. “ಇನ್ನ ನಿನ್ನ ಕೂಗಿಗೆ ನನ್ನ ಬಾಯಿ ಏಳಂಗಿಲ್ಲ.” ಮೊಣಕಾಲೂರಿ ಕೂತು, ಇದ್ದ ಉಸಿರನ್ನೆಲ್ಲ ಎಳೆದು ಮೂರನೆಯ ಸಲ ಕೂಗಿದೆ.

ಕೆಳಗಿನಿಂದ, ಎಡಕ್ಕೆ, ಬಾವಿಯೊಳಗಿಂದ ಬಂದಂತೆ ಬಂತು: “ನಮ್ಮಪ್ಪಂದು!”

ಅಂಬಪ್ಪ, ನಾನು ಕೇಳಿದ ಭಾಷಣ ಎಷ್ಟು, ಹಾಡು ಎಷ್ಟು. ಆ ಒಂದು ಪದದಷ್ಟು ಸುಖ ಯಾವುದೂ ಕೊಟ್ಟಿಲ್ಲ. ದುರುಗಪ್ಪ ಹಗ್ಗ ಬಿಚ್ಚಿದ. ನಾನು ಕೂಗುತ್ತಾ ಹೋದೆ, ನೀನು ಒದರುತ್ತಾ ಹೋದೆ, ಆ ದನಿಯನ್ನೇ ಹಿಡಿದು ಅವನು ಇಳಿದ. ಒಂದು ಬಂಡೆಗೆ ಬೆನ್ನು ಕೊಟ್ಟು ಕೂತಿದ್ದೆಯಂತೆ. ಒಂದು ಸ್ಕೀ ಕಣಿವೆ ಪಾಲಾಗಿತ್ತು. ಆ ಬಂಡೆ ಇರದಿದ್ದರೆ ನೀನೂ ಅದರ ಹಿಂದೆಯೇ ಹೋಗುತ್ತಿದ್ದೆ. ಮೇಲೆ ಎಳೆದು ತಂದಾಗ ನಿನ್ನ ಮೀಸೆ ಬಿಳಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ನಾನು ನಿನ್ನ ಕೊರಳಪಟ್ಟಿ ಹಿಡಿದೆ.

“ಮೊದಲ್ನೇ ಸಲಕ್ಕ ಯಾಕ ಒದರಲಿಲ್ಲಲೇ?”

“ಸೀಟಿ, ಬುಡ್ಡೇಸಾಬನ ಕೂಗು ಗಾಳ್ಯಾಗ ಹೋದ್ವು. ನಿಂದು ಕೇಳ್ತು.”

“ಕೇಳ್ತಾ? ಕೇಳಿ ಸುಮ್ಕ ಕುಂತಿದ್ದೇನು?”

“ಸಿಟ್ಟಿತ್ತು.”

“ಎರಡ್ನೇದ್ದಕ್ಕ?”

ನೀನು ನನ್ನ ಮುಖ ನೋಡಲಿಲ್ಲ. “ಎರಡ್ನೇದ್ದಕ್ಕ ನಿನ್ನ ದನಿ ಒಡದಂಗಾತು. ಪಕೀರ್ಯಾ ಅಳಾಕತ್ತಾನೇನು ಅನ್ನಿಸ್ತು. ಅಳಾಂವಲ್ಲ ಬಿಡು ಅಂದ್ಕೊಂಡೆ. ಮೂರ್ನೇದ್ದಕ್ಕ ಖರೇ ಅಳಾಕತ್ತಿದ್ದಿ.”

ಬುಡ್ಡೇಸಾಬ್ ಹಿಮದ ಮೇಲೆ ಕುಕ್ಕರಿಸಿ ಹಣೆ ಹಣೆ ಬಡಿದುಕೊಂಡ. “ಯಾ ಅಲ್ಲಾ! ಸಾಯೂ ಹೊತ್ತಿನ್ಯಾಗೂ ಬಣ ಬಿಡಂಗಿಲ್ಲಲ್ರೋ ನೀವು! ಇನ್ನೊಂದ್ ಸಲ ಒಡಕೊಂಡ್ರಿ ಅಂದ್ರ ಬ್ಯಾನರ್ ಹೊಲಿಯಂಗಿಲ್ಲ, ನಿಮ್ಮ ಹೆಣಕ್ಕ ಹೊದಸಾಕ ಬಟ್ಟಿ ಹೊಲೀತೀನಿ!”

ಆಗ ನಕ್ಕೆವಲ್ಲ, ಆ ನಗು. ನಾಲ್ಕು ಗಂಡಸರು ಮಂಜಿನ ನಡುವೆ ಕೂತು ಕಣ್ಣೀರು, ಸಿಂಬಳ ಒಂದು ಮಾಡಿಕೊಂಡು ನಕ್ಕೆವು. ಎಣ್ಣೆಯ ವಿಷಯ ಗೊತ್ತಾದ ಮೇಲೆ ದುರುಗಪ್ಪ ನಿನ್ನ ಏಳು ತಲೆಮಾರನ್ನು ಬೈದ. ನೀನು ಒಂದೇ ಮಾತು ಹೇಳಿದೆ: “ತೊಗಲಂದಿ. ತೊಗಲಂದ್ರ ಎಣ್ಣಿ ಹಾಕಬೇಕು.”

ಮಂಜು ಸರಿದ ಮೇಲೆ ಮುಂದೆ ಹೋಗದೆ ಬಂದ ದಾರಿಯಲ್ಲೇ ಇಳಿದೆವು. ನಿನಗೆ ಒಂದೇ ಸ್ಕೀ. ಇಳಿಜಾರು ಮೆತ್ತಗಿದ್ದ ಕಡೆ ನೀನು ನನ್ನ ಹಿಂದೆ, ನನ್ನ ಹಲಗೆಗಳ ಮೇಲೆಯೇ ನಿಂತು ಸೊಂಟ ಹಿಡಿದುಕೊಂಡೆ. ನಾಲ್ಕು ಮಾರಿಗೊಮ್ಮೆ ಬಿದ್ದೆವು. ಎದ್ದೆವು, ಮತ್ತೆ ನಿಂತೆವು. ದುರುಗಪ್ಪ ಕೆಳಗಿನಿಂದ “ಹಿಂದಕ್ಕ ಜೋಲಬ್ಯಾಡ್ರಲೇ” ಎಂದು ಅರಚುತ್ತಿದ್ದ. ಒಂದೇ ಹಲಗೆಯ ಮೇಲೆ ನಾವಿಬ್ಬರು ಮತ್ತೆ ನಿಂತಿದ್ದೆವು ಅಂಬಪ್ಪ. ಈ ಸಲ ಕಾಲ ಕೆಳಗೆ ನಮ್ಮವರು ಯಾರೂ ಇರಲಿಲ್ಲ. ನೀನು ನನ್ನ ಕಿವಿಯ ಹತ್ತಿರ ಸಣ್ಣ ಹುಡುಗನ ಹಾಗೆ ಕೇಕೆ ಹಾಕಿದೆ. ಅಂದು ಹಲಗೆಯ ಮೇಲೆ ಅರ್ಧಕ್ಕೆ ನಿಂತ ಆ ಕೇಕೆಯನ್ನು, ಬದುವಿನ ಮೇಲೆ ನಿಂತು ಅಳುವವರು ಯಾರೂ ಇಲ್ಲದ ಜಾಗದಲ್ಲಿ ನೀನು ಪೂರಾ ಮಾಡಿದೆ. ಇಪ್ಪತ್ತು ವರ್ಷದಿಂದ ನನ್ನೊಳಗೆ ಸಿಕ್ಕಿಕೊಂಡಿದ್ದ ಏನೋ ಒಂದು ಆಗ ಸಡಿಲಾಯಿತು. ಅದನ್ನು ಅಲ್ಲೇ ಹೇಳಬೇಕಿತ್ತು. ಬಾಯಲ್ಲಿ ಹಿಮ ತುಂಬಿತ್ತು.

ನಿನ್ನನ್ನು ಉಳಿಸಿದ್ದು ದೇವರು ಅಂತ ಬುಡ್ಡೇಸಾಬ್ ಹೇಳುತ್ತಾನೆ, ಹಗ್ಗ ಅಂತ ದುರುಗಪ್ಪ. ನಾನು ಹೇಳುತ್ತೇನೆ: ಗಾಳೆಮ್ಮ ಮಲಗಿರುವ ಆ ತುಂಡು ನೆಲ. ಅದಿಲ್ಲದಿದ್ದರೆ ಆ ಘೋಷಣೆ ಇಲ್ಲ, ಆ ಘೋಷಣೆ ಇಲ್ಲದಿದ್ದರೆ ನಿನ್ನ ಹಾಳು ಹಠ ಬಾಯಿ ಬಿಡುತ್ತಿರಲಿಲ್ಲ. ಆ ನೆಲದ ಋಣ ನಮ್ಮ ಮೇಲಿದೆ. ಅದನ್ನು ಲಿಂಗಸುಗೂರಿನ ಬೀದಿಯಲ್ಲಿ ಇಬ್ಬರೂ ನಿಂತು ತೀರಿಸಬೇಕು.

ಇಷ್ಟು ಬರೆಯುವಾಗ ಬಸ್ಸಮ್ಮ ಕಟ್ಟೆಯಿಂದ ಕೂಗಿದಳು: “ಅಣ್ಣಾ, ಲಗೂನ ಮುಗಸ್ರಿ, ಬಸ್ ಬರೂ ಹೊತ್ತಾತು. ಹೋಗಿ ನಿಮ್ಮ ಗೆಳ್ಯಾನ ನೀಲಿ ಶಾಲು ಬ್ಯಾರೆ ಒಗೀಬೇಕು. ಆರು ವರ್ಷ ಟ್ರಂಕಿನ್ಯಾಗ ಬಿದ್ದಿತ್ತು, ನಿನ್ನಿ ತಗದು ಹಾಸಿಗಿ ಮ್ಯಾಲ ಒಗದಾರ. ನಾಡಿದ್ದಕ್ಕ ಬೇಕಂತ. ಬರೀ ನುಸಿಗುಳಿಗಿ ನಾತ!”

ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಹೊರಗೆ ಹೋಗಿ ಅವಳಿಗೆ ಇನ್ನೊಂದು ಕಪ್ ಚಹಾ ಹಾಕಿಕೊಟ್ಟೆ. “ಎಣ್ಣಿ ಏನಾತು ಅಂತ ಅವನ್ನ ಕೇಳವ್ವಾ, ಅಂವಾ ಹೇಳ್ತಾನ” ಅಂದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೀನು ಉತ್ತರ ಕೊಡಲೇಬೇಕು, ತಪ್ಪಿಸಿಕೊಳ್ಳಬೇಡ. ಅವಳು ಬೈದರೆ ಬೈಸಿಕೋ. ಬೈಸಿಕೊಳ್ಳಲು ಉಳಿದಿದ್ದೀಯಲ್ಲ, ಅದೇ ದೊಡ್ಡದು.

ನಾಡಿದ್ದು ಬಸ್‌ಸ್ಟ್ಯಾಂಡಿನ ಹತ್ತಿರ ಬುಡ್ಡೇಸಾಬ್ ಬ್ಯಾನರು ಬಿಚ್ಚುತ್ತಾನೆ. ನಾನು ಮುಂದೆ ನಿಂತು ಕೂಗುತ್ತೇನೆ. ಮಂಜು ಇರುವುದಿಲ್ಲ, ಕಣಿವೆ ಇರುವುದಿಲ್ಲ, ನೀನು ಮೂರು ಮಾರು ದೂರದಲ್ಲಿ ನಿಂತಿರುತ್ತೀಯ. ಸಿಟ್ಟಿದ್ದರೆ ಇರಲಿ, ಅದನ್ನು ಮೆರವಣಿಗೆ ಮುಗಿದ ಮೇಲೆ ಚಹಾದಂಗಡಿಯಲ್ಲಿ ತೀರಿಸಿಕೊಳ್ಳೋಣ. ಉತ್ತರ ಮಾತ್ರ ಮೊದಲ ಕೂಗಿಗೇ ಬರಲಿ.

ನಿನ್ನ ಕಾಲು ಕಂಬದ ಮೇಲೂ ನೆಲದ ಮೇಲೂ ಗಟ್ಟಿಯಾಗಿರಲಿ, ನಿನ್ನ ಗಂಟಲು ನೂರು ವರ್ಷ ಒಡೆಯದಿರಲಿ.

ನೀನು ಎಣ್ಣೆ ಹಚ್ಚಿ ಜಾರಿಸಿದ, ನಿನ್ನ ದನಿಯಿಂದ ಮತ್ತೆ ನಿಂತ
ಪಕೀರಪ್ಪ